ಸಹಾಯ ಬೇಕು: ಬಾಲಿಯ ತೆಂಗಾನನ್ ಹಳ್ಳಿಯ ನೇಯ್ಗೆ, ನೋನಿ ಬೇರಿನ ತೊಗಟೆ

ನಮಸ್ಕಾರ. ಇಂಡೋನೇಷ್ಯಾದ ಬಾಲಿ ದ್ವೀಪದ ತೆಂಗಾನನ್ ಹಳ್ಳಿಯ ಬಗ್ಗೆ ಕೈಮಗ್ಗ ಕಲಿಯುವವರಿಗಾಗಿ ಫಲಕ ಮತ್ತು ನೂಲಿನ ಮಾದರಿ ತಯಾರಿಸುತ್ತಿದ್ದೇವೆ. ಕರಂಗಾಸೆಮ್ ಜಿಲ್ಲೆಯ ಈ ಊರು ಬಾಲಿಯ ಮೂಲ ನಿವಾಸಿಗಳೆನ್ನುವ ಬಾಲಿ ಆಗಾ ಸಮುದಾಯದ್ದು.

ಇಲ್ಲಿನ ಗೆರಿಂಗ್‌ಸಿಂಗ್ ಬಟ್ಟೆಗೆ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡನ್ನೂ ನೇಯುವ ಮೊದಲೇ ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಗುಜರಾತಿನ ಪಟೋಲ ಸೀರೆಯಲ್ಲೂ ಹೀಗೆಯೇ, ಆದರೆ ಅದು ರೇಷ್ಮೆ, ಇದು ಹತ್ತಿ. ನೂಲನ್ನು ಮೊದಲು ಕೆಮಿರಿ (ಕ್ಯಾಂಡಲ್‌ನಟ್) ಕಾಯಿಯ ಎಣ್ಣೆ ಮತ್ತು ಬೂದಿನೀರಿನಲ್ಲಿ ರೂಢಿಯಂತೆ 42 ದಿನ ನೆನೆಸುತ್ತಾರೆ. ಇದನ್ನು ಬಿಟ್ಟರೆ ಕೆಂಪು ಸರಿಯಾಗಿ ಕಚ್ಚುವುದಿಲ್ಲ. ನೀಲಿ ಅದ್ದುವ ಕೆಲಸ ಮಾತ್ರ ಹತ್ತಿರದ ಬುಗ್‌ಬುಗ್ ಊರಿನಲ್ಲಿ. ತೆಂಗಾನನ್‌ನೊಳಗೆ ಅದಕ್ಕೆ ಕಟ್ಟಳೆಯ ಅಡ್ಡಿ. ನೀಲಿಯ ಮೇಲೆ ಕೆಂಪು ಕೂತಾಗಲೇ ಆ ಗಾಢ ಕಪ್ಪು ಬರುವುದು.

ನಮಗೆ ಬೇಕಿರುವುದು ನೋನಿ ಬೇರಿನ ತೊಗಟೆ, ನೆರಳಲ್ಲಿ ಒಣಗಿಸಿದ್ದು, 2 ಕಿಲೋ. ಈ ಬಟ್ಟೆಯ ಕೆಂಪು ಬಣ್ಣ ಇರುವುದು ನೋನಿ ಬೇರಿನ ಸಿಪ್ಪೆಯಲ್ಲಿ. ಅಂಗಡಿಯ ನೋನಿ ಹಣ್ಣಿನ ಪುಡಿ ಈ ಕೆಲಸಕ್ಕೆ ಬರುವುದಿಲ್ಲ, ದಯವಿಟ್ಟು ಅದನ್ನು ಕಳಿಸಬೇಡಿ. ಇದಕ್ಕಾಗಿ ಮರ ಕಡಿಯುವುದೂ ಬೇಡ. ತೋಟದಲ್ಲಿ ಹಳೇ ಗಿಡ ಕಿತ್ತವರಿದ್ದರೆ ತಿಳಿಸಿ, ಸಾಗಣೆ ವೆಚ್ಚ ನಮ್ಮದು.

ಬಾಲಿಗೆ ಹೋಗುವವರಿದ್ದರೆ ಇನ್ನೊಂದು ಉಪಕಾರ: ನೇಕಾರರು ಸೂಜಿಮೊನೆಯಿಂದ ಹಾಸಿನೆಳೆ ಸರಿಸಿ ವಿನ್ಯಾಸ ಕೂಡಿಸುವ ಹಂತದ ಹತ್ತಿರದ ಫೋಟೊ ಬೇಕು. ಬಟ್ಟೆಯನ್ನು ಸಡಿಲವಾಗಿ ನೇಯುವುದೇ ಈ ಹೊಂದಾಣಿಕೆಗೆ ಜಾಗ ಇರಲೆಂದು; ಬಿಗಿಯಾಗಿ ಬಡಿದರೆ ಚಿತ್ರ ಒಡೆಯುತ್ತದೆ. ಅವರ ಒಪ್ಪಿಗೆ ಕೇಳಿಯೇ ತೆಗೆಯಿರಿ.