ಪೀಣ್ಯದಿಂದ ಕೂರ್ಗಳ್ಳಿಗೆ ಬಂದ ನಮ್ಮ ಸೈಕಲ್ ಶೆಡ್ಡು: ಇಲ್ಲಿ ನಡೆಯುತ್ತಾ?

ಶೆಡ್ಡಿನವನು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಚಿಕ್ಕ ಸೈಕಲ್ ಕಂಪನಿ. ಕಂಪನಿ ಅಂದರೆ ನಾನೂ ಸೇರಿ ಐದು ಜನ. ಗಿರಾಕಿಯ ಕಾಲು, ಕೈ, ಬೆನ್ನು ಅಳೆದು, ಆ ಅಳತೆಗೆ ಕ್ರೋಮೊಲಿ ಅನ್ನುವ ಗಟ್ಟಿ ಉಕ್ಕಿನ ಟ್ಯೂಬಿನಲ್ಲಿ ಫ್ರೇಮ್ ಮಾಡುತ್ತೇವೆ. ದೂರದೂರಕ್ಕೆ ಸೈಕಲ್ ತುಳಿಯುವವರು ನಮ್ಮ ಗಿರಾಕಿಗಳು. ಒಂಥರಾ ಟೈಲರ್ ಕೆಲಸ, ಬಟ್ಟೆ ಬದಲು ಕಬ್ಬಿಣ ಅಷ್ಟೇ. ಆರು ವರ್ಷ ಪೀಣ್ಯದಲ್ಲಿದ್ದೆವು. ಶೆಡ್ ಮಾಲೀಕರು ಬಾಡಿಗೆಯನ್ನು 38 ಸಾವಿರದಿಂದ ಒಂದೇ ಸಲ 55ಕ್ಕೆ ಏರಿಸಿದರು. ನಾನು ಮೈಸೂರಿನವನೇ. ಕುವೆಂಪುನಗರದ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಕೂರ್ಗಳ್ಳಿಯಲ್ಲಿ 22 ಸಾವಿರಕ್ಕೆ ಶೆಡ್ ಸಿಕ್ಕಿತು. ಇನ್ನೇನು ಬೇಕು ಅಂತ ಗಂಟುಮೂಟೆ ಕಟ್ಟಿದೆ. ಅದಾಗಿ ಎಂಟು ತಿಂಗಳಾಯಿತು.

ಪೀಣ್ಯದಲ್ಲಿ ತಿಂಗಳಿಗೆ ಎಂಟು ಸೈಕಲ್ ಹೋಗುತ್ತಿದ್ದವು. ಇಲ್ಲಿ ಮೊದಲ ಎರಡು ತಿಂಗಳು ಹಳೆ ಆರ್ಡರ್ ಇದ್ದವು, ಗೊತ್ತಾಗಲಿಲ್ಲ. ಈಗ ಮೂರಕ್ಕೆ ಬಂದು ನಿಂತಿದೆ. ಒಂದು ಸೈಕಲ್ಲಿಗೆ ಖರ್ಚು ಕಳೆದು 14 ಸಾವಿರ ಉಳಿಯುತ್ತದೆ. ಐದು ಕಮ್ಮಿ ಅಂದರೆ 70 ಸಾವಿರ ಹೋಯಿತು. ಬಾಡಿಗೆಯಲ್ಲಿ ಉಳಿದದ್ದು 33. ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಕಿಲ್ಲ, ಆದರೂ ರಾತ್ರಿ ಹೊತ್ತು ಮತ್ತೆ ಮತ್ತೆ ಒತ್ತಿ ನೋಡುತ್ತೇನೆ.

ಮಷಿನ್ ಎಲ್ಲಾ ಬಂತು, ಅಕ್ಕಪಕ್ಕದವರು ಬರಲಿಲ್ಲ. ಪೀಣ್ಯದಲ್ಲಿ ಹಿಂದಿನ ಬೀದಿಯಲ್ಲೇ ಪೌಡರ್ ಕೋಟಿಂಗ್‌ನವರಿದ್ದರು. ಎರಡು ಫ್ರೇಮ್ ಹೆಗಲ ಮೇಲೆ ಹಾಕಿಕೊಂಡು ಹೋಗಿ ಕೊಟ್ಟರೆ, ಬೇರೆ ಯಾರದೋ ಹಸಿರು ಬಣ್ಣ ನಡೆಯುವಾಗ ನಮ್ಮದನ್ನೂ ನೇತು ಹಾಕಿ, ಸಂಜೆಗೆ ಕೊಡುತ್ತಿದ್ದರು. ಇಲ್ಲಿ ಮೈಸೂರಿನ ಹೆಬ್ಬಾಳದಲ್ಲಿ ವಿಚಾರಿಸಿದೆ. ಕೆಲಸ ಚೆನ್ನಾಗಿ ಮಾಡುತ್ತಾರೆ, ಆದರೆ ಐವತ್ತು ಪೀಸ್ ತನ್ನಿ ಅನ್ನುತ್ತಾರೆ. ನನ್ನ ಹತ್ತಿರ ಇರುವುದೇ ಮೂರು! ಟಿಗ್ ವೆಲ್ಡಿಂಗ್ ಮಾಡುತ್ತಿದ್ದ ಹುಡುಗ ಬೆಂಗಳೂರು ಬಿಟ್ಟು ಬರಲಿಲ್ಲ. ತಪ್ಪೇನಿಲ್ಲ, ಅವನ ಮಗಳು ಅಲ್ಲಿ ಶಾಲೆಗೆ ಹೋಗುತ್ತಾಳೆ. ಈಗ ವೆಲ್ಡಿಂಗ್ ನಾನೇ ಮಾಡುತ್ತಿದ್ದೇನೆ.

ಇದರ ಮೇಲೆ ಇನ್ನೊಂದು ತಲೆನೋವು. ಹ್ಯಾಂಡಲ್‌ನಿಂದ ಕೈ ತೆಗೆದರೆ ಸೈಕಲ್ ಎಡಕ್ಕೆ ಎಳೆಯುತ್ತದೆ ಅಂತ ಇಬ್ಬರು ಗಿರಾಕಿಗಳು ಅಂದರು. ಒಂದನ್ನು ತರಿಸಿ ದಾರ ಕಟ್ಟಿ ನೋಡಿದೆ. ಹಿಂದಿನ ಚಕ್ರ ಕೂರುವ ಒಂದು ಕಿವಿಯಿಂದ ದಾರ ತೆಗೆದು, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಕಿವಿಗೆ ಬಿಗಿಯಾಗಿ ಕಟ್ಟಬೇಕು. ಆಮೇಲೆ ಸೀಟಿನ ಟ್ಯೂಬಿಗೂ ದಾರಕ್ಕೂ ಎಷ್ಟು ಜಾಗ ಇದೆ ಅಂತ ಎರಡೂ ಕಡೆ ಅಳೆಯಬೇಕು. ಬಲಕ್ಕೆ 28 ಮಿಲಿಮೀಟರ್ ಬಂತು, ಎಡಕ್ಕೆ 31. ಫ್ರೇಮ್ ಹಿಡಿದು ವೆಲ್ಡ್ ಮಾಡುವ ಜಿಗ್ ಟೆಂಪೊದಲ್ಲಿ ಬರುವಾಗ ಪೆಟ್ಟು ತಿಂದಿದೆ ಅನಿಸುತ್ತದೆ. ಈಗ ಪ್ರತಿ ಫ್ರೇಮನ್ನೂ ವೆಲ್ಡ್ ಆದ ಮೇಲೆ ಅಂದಾಜಿಗೆ ಬಗ್ಗಿಸಿ ಸರಿ ಮಾಡಿ ಕಳಿಸುತ್ತಿದ್ದೇನೆ.

ಪ್ರಶ್ನೆ ಇಷ್ಟೇ. ಮೈಸೂರಿನಲ್ಲಿ ಇಂಥ ಸೈಕಲ್ಲಿಗೆ ಗಿರಾಕಿ ಇದ್ದಾರಾ? ಇಲ್ಲ ಅಂದರೆ ಮಂಡ್ಯ, ಮದ್ದೂರು ಕಡೆ ಹಾಲಿನ ಕ್ಯಾನು, ಎಳನೀರು ಹೊರುವ ಗಟ್ಟಿ ಸೈಕಲ್ ಮಾಡಿದರೆ ಹೋಗುತ್ತಾ? ಅಥವಾ ಮರ್ಯಾದೆಯಾಗಿ ನೆಲಮಂಗಲದ ಕಡೆ ವಾಪಸ್ ಹೋಗಲಾ?

ಮಂಡ್ಯ ಸೈಕಲ್ ಅಂಗಡಿ:

ಸಾರ್, ಹಾಲಿನ ಕ್ಯಾನಿನ ಆಸೆ ಮೊದಲು ಬುಡಿ. ನಮ್ಮಪ್ಪನ ಕಾಲದಿಂದ ಅಂಗಡಿ ಇಟ್ಟಿದ್ದೇವೆ, ಅದಕ್ಕೇ ಹೇಳುತ್ತಿದ್ದೇನೆ.

ಅಪ್ಪ ಇದ್ದಾಗ ಆ ಸೈಕಲ್ಲೇ ಅಂಗಡಿಯ ಅನ್ನ. 28 ಇಂಚಿನ ಕರಿ ಸೈಕಲ್ಲು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಎಲ್ಲಾ ಹಿಂದೆ ಬೀಳುತ್ತದಲ್ಲ, ಅದಕ್ಕೇ ಹಿಂದೆ ಜಾಸ್ತಿ. ಡೈರಿಗೆ ಹೋಗುವವರು ಕ್ಯಾರಿಯರ್‌ಗೆ ಎರಡೂ ಕಡೆ ಕ್ಯಾನು ನೇತು ಹಾಕಿಕೊಂಡು ಬರುತ್ತಿದ್ದರು. ಈಗ ಬೆಳಗ್ಗೆ ಯಾವ ಊರಿನ ಡೈರಿ ಮುಂದೆ ಬೇಕಾದರೂ ನಿಂತು ನೋಡಿ. ಟಿವಿಎಸ್ ಎಕ್ಸೆಲ್ ಸಾಲು ನಿಂತಿರುತ್ತದೆ. ಕ್ಯಾನು ಅದರ ಮೇಲೆ, ಹುಲ್ಲಿನ ಹೊರೆ ಅದರ ಮೇಲೆ, ಹೆಂಡತಿ ಮಕ್ಕಳೂ ಅದರ ಮೇಲೆ. ಎಳನೀರಂತೂ ಆಟೊ, ಟೆಂಪೊ ಸೇರಿ ಎಷ್ಟೋ ಕಾಲವಾಯಿತು. ನೀವು ಎಷ್ಟೇ ಗಟ್ಟಿ ಮಾಡಿ, ತುಳಿಯುವವನು ಬೇಕಲ್ಲ?

ಹಳ್ಳಿ ಕಡೆ ಸೈಕಲ್ ಅಂದರೆ ಈಗ ಮಕ್ಕಳದ್ದು. 2006-07ರಲ್ಲಿ ಎಂಟನೇ ಕ್ಲಾಸಿನವರಿಗೆ ಸರ್ಕಾರದವರು ಸೈಕಲ್ ಕೊಡೋಕೆ ಶುರು ಮಾಡಿದಾಗ ನಮ್ಮ ವ್ಯಾಪಾರ ಮುಗಿಯಿತು ಅಂದುಕೊಂಡಿದ್ದೆವು. ಆಗಿದ್ದೇ ಬೇರೆ. ಸೈಕಲ್ ಸರ್ಕಾರದ್ದು, ಪಂಕ್ಚರ್ ನಮ್ಮದು! ಬ್ರೇಕು, ಚೈನು, ಪೆಡಲು, ಎಲ್ಲಾ ನಮ್ಮ ಹತ್ತಿರವೇ ಬರುತ್ತಿತ್ತು. ಕೊರೋನಾದಲ್ಲಿ ಅದು ನಿಂತ ಮೇಲೆ ರಿಪೇರಿ ಅರ್ಧಕ್ಕೆ ಇಳಿಯಿತು. ಮಾರಿ ಬಂದ ದುಡ್ಡಿಗಿಂತ ರಿಪೇರಿ ದುಡ್ಡಿನಲ್ಲೇ ಅಂಗಡಿ ನಡೆದಿದ್ದು ಅಂತ ಆಗ ಗೊತ್ತಾಯಿತು. ನೀವೂ ರಿಪೇರಿಗೆ ಒಂದು ಮೂಲೆ ಬಿಡಿ.

ಇನ್ನೊಂದು ಮಾತು. ಲೂಧಿಯಾನದವರು ಲಕ್ಷಗಟ್ಟಲೆ ಮಾಡಿ ಕಳಿಸುವ ಸೈಕಲ್ ಜೊತೆ ರೇಟಿನಲ್ಲಿ ಗುದ್ದಾಡೋಕೆ ಹೋಗಬೇಡಿ. ಐದು ಜನ ಕೂತು ಅದನ್ನು ಮಾಡೋಕಾಗಲ್ಲ.

ಬೆಳಗ್ಗೆ ಐದೂವರೆ:

ಮೈಸೂರಿನಲ್ಲಿ ಗಿರಾಕಿ ಇದ್ದಾರಾ ಅಂದಿರಿ. ಭಾನುವಾರ ಬೆಳಕು ಹರಿಯುವ ಮುಂಚೆ ಚಾಮುಂಡಿ ಬೆಟ್ಟದ ರಸ್ತೆಗೆ ಬನ್ನಿ, ನಂದಿ ಹತ್ತಿರ ನಿಂತುಕೊಳ್ಳಿ, ಎಣಿಸಿ. ಜಾಸ್ತಿ ಇಲ್ಲ, ಆದರೆ ಇರುವವರು ಹುಚ್ಚರು. ಊರಿಗೆ ಸೈಕಲ್ ಹೊಸದೇನೂ ಅಲ್ಲ. 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಶುರುವಾದಾಗಲೇ 450 ಬಾಡಿಗೆ ಸೈಕಲ್ ರಸ್ತೆಗೆ ಇಳಿದಿದ್ದವು. ಆದರೆ 70–80 ಸಾವಿರದ ಸೈಕಲ್ ಕೊಳ್ಳುವವರು ತಿಂಗಳಿಗೆ ಒಬ್ಬರೋ ಇಬ್ಬರೋ ಸಿಗಬಹುದು. ನಿಮ್ಮ ಗಿರಾಕಿ ಇವತ್ತಿಗೂ ಬೆಂಗಳೂರಿನವರೇ. ಅವರನ್ನು ಇಲ್ಲಿಗೆ ಕರೆಸಿ.

ಶನಿವಾರ ಬೆಳಗ್ಗೆ ರೈಲಿನಲ್ಲಿ ಬರಲಿ. ಅಳತೆ ಕೊಡಲಿ, ಶೆಡ್ಡಿನಲ್ಲಿ ತಮ್ಮ ಟ್ಯೂಬು ಕತ್ತರಿಸುವುದನ್ನು ನೋಡಲಿ. ಸೈಕಲ್ ರೆಡಿ ಆದ ಮೇಲೆ ಇನ್ನೊಂದು ಶನಿವಾರ ಬಂದು ಬೆಟ್ಟ ಹತ್ತಿ ಇಳಿದು ನೋಡಲಿ. ಏರಿನಲ್ಲಿ ಗೇರು, ಇಳಿಜಾರಿನಲ್ಲಿ ಬ್ರೇಕು, ಎರಡೂ ಗೊತ್ತಾಗುತ್ತದೆ. ಪೀಣ್ಯದ ಲಾರಿಗಳ ಮಧ್ಯೆ ಏನು ಟೆಸ್ಟ್ ರೈಡ್ ಕೊಡುತ್ತಿದ್ದಿರಿ ಹೇಳಿ? ಭಾನುವಾರ ಮಳವಳ್ಳಿ, ಕನಕಪುರ ದಾರಿ ಹಿಡಿದು ಮನೆಗೆ ತುಳಿದುಕೊಂಡೇ ಹೋಗಲಿ. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೇ ಪ್ರವೇಶ ಇಲ್ಲ, ಸೈಕಲ್ ಮಾತು ಬಿಡಿ. ಆದರೆ ಆ ಹಳೆ ದಾರಿಯೇ ಚೆಂದ.

ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳಿಬಿಡುತ್ತೇನೆ. ಆ ಎಡಕ್ಕೆ ಎಳೆಯುವ ಮಾತು ನೀವಂದುಕೊಂಡ ಹಾಗೆ ಇಬ್ಬರದ್ದಲ್ಲ. ಬೆಂಗಳೂರಿನ ಒಂದು ಸೈಕಲ್ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. "ಮೈಸೂರಿಗೆ ಹೋದ ಮೇಲೆ ಅವರ ಫ್ರೇಮ್ ಕೆಟ್ಟಿತು" ಅಂತ ನನ್ನ ಭಾವಮೈದುನನೇ ಹೇಳಿದ. ಅವನಿಗೆ ನಿಮ್ಮ ಪರಿಚಯವೂ ಇಲ್ಲ.

ಲೆಕ್ಕದವನು:

ವ್ಯಾಪಾರದ ಬಗ್ಗೆ ನನಗೆ ಗೊತ್ತಿಲ್ಲ. ಒಂದು ವಿಷಯ ಮಾತ್ರ ಕೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೆ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ. ಗಿರಾಕಿಗೆ ಒಳ್ಳೆಯದೇ. ಆದರೆ ನೀವು ಉಕ್ಕಿನ ಟ್ಯೂಬಿಗೆ 18 ಕೊಟ್ಟು ತರುತ್ತೀರಿ, 5 ಹಾಕಿ ಮಾರುತ್ತೀರಿ. ಮಿಕ್ಕ ತೆರಿಗೆ ನಿಮ್ಮ ಖಾತೆಯಲ್ಲಿ ಸುಮ್ನೆ ಕೂತಿರುತ್ತದೆ. ಅದನ್ನು ಆರ್‌ಎಫ್‌ಡಿ-01 ಅರ್ಜಿ ಹಾಕಿ ವಾಪಸ್ ಕೇಳಬಹುದು, ಎರಡು ವರ್ಷದ ಒಳಗೆ. ಮಾಲಿನ ಮೇಲೆ ಕಟ್ಟಿದ್ದಕ್ಕೆ ಮಾತ್ರ. ಬಾಡಿಗೆ, ಪೌಡರ್ ಕೋಟಿಂಗ್ ಕೂಲಿಯ ಮೇಲಿನದ್ದು ಇದರಲ್ಲಿ ಬರಲ್ಲ. ನಿಮ್ಮ ಆಡಿಟರ್ ಹಾಕಿದ್ದಾರಾ?

ಶೆಡ್ಡಿನವನು:

ಲೆಕ್ಕದವರೇ, ಹಾಕಿಲ್ಲ. ಈಗಷ್ಟೇ ಫೋನ್ ಮಾಡಿ ಕೇಳಿದೆ, "ನೀವು ಹೇಳಲೇ ಇಲ್ಲವಲ್ಲ ಸಾರ್" ಅಂದರು. ನಾನು ಹೇಳಬೇಕಿತ್ತಂತೆ!

ಮಂಡ್ಯದವರೇ, ಆ ಲೋಡ್ ಸೈಕಲ್‌ನ ಡ್ರಾಯಿಂಗ್ ಮಾಡಿ ಗೋಡೆಗೆ ಅಂಟಿಸಿದ್ದೆ. ತೆಗೆದೆ.

ಐದೂವರೆಯವರೇ, ಶನಿವಾರದ ಯೋಚನೆ ಹಿಡಿಸಿತು. ಮೊದಲ ದಿನವೇ ಹೊಸ ಲೆದರ್ ಸೀಟಿನ ಮೇಲೆ ಕನಕಪುರದ ತನಕ ತುಳಿದವನು ಸೋಮವಾರ ಆಫೀಸಿನಲ್ಲಿ ನಿಂತೇ ಕೆಲಸ ಮಾಡಬೇಕಾಗುತ್ತದೆ, ಅದೊಂದು ಬಿಟ್ಟರೆ. ಗುಂಪಿನ ವಿಷಯ ಓದಿ ಮಾತ್ರ ಊಟ ಸೇರಲಿಲ್ಲ. ಹೊಸ ಜಿಗ್ಗಿಗೆ ಕೊಟೇಶನ್ ತರಿಸಿದ್ದೇನೆ, 1 ಲಕ್ಷ 80 ಸಾವಿರ. ಅಷ್ಟು ದುಡ್ಡು ಈಗ ಇಲ್ಲ.

ಹಳೇ ಫಿಟ್ಟರ್, ಯಾದವಗಿರಿ:

ಕೊಟೇಶನ್ ಪಕ್ಕಕ್ಕಿಡು ತಮ್ಮಾ. ನಾನು ಇಲ್ಲಿನ ಜಾವಾ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದೆ, 1996ರಲ್ಲಿ ಮುಚ್ಚುವವರೆಗೆ. ಬೈಕಿನ ಫ್ರೇಮ್ ಫಿಕ್ಸ್ಚರ್ ಎಷ್ಟು ಸಲ ಕೂರಿಸಿದ್ದೀನೋ ಲೆಕ್ಕ ಇಲ್ಲ. ಮೂರು ಪ್ರಶ್ನೆ ಕೇಳುತ್ತೀನಿ.

ನಿನ್ನ ಜಿಗ್ಗಿನ ಬೆಡ್ಡಿಗೆ, ಅಂದರೆ ಅಡಿಯ ಪೀಠಕ್ಕೆ, ಕಾಲು ಎಷ್ಟು? ನಾಲ್ಕು ಇರಬೇಕು. ಹೊಸ ಶೆಡ್ಡಿನ ನೆಲ ಮಟ್ಟವಾಗಿದೆಯಾ? ಇರಲ್ಲ, ಈ ಕಡೆ ಶೆಡ್ಡುಗಳಲ್ಲಿ ತೊಳೆದ ನೀರು ಹೋಗಲಿ ಅಂತ ಬಾಗಿಲ ಕಡೆಗೆ ವಾಟ ಕೊಟ್ಟಿರುತ್ತಾರೆ. ನಾಲ್ಕೂ ಕಾಲಿಗೆ ಬೋಲ್ಟ್ ಹಾಕಿ ನೆಲಕ್ಕೆ ಬಿಗಿದಿದ್ದೀಯಾ?

ಹೌದು ಅಂದರೆ ಟೆಂಪೊದವನನ್ನು ಬೈಯಬೇಡ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ಅಲ್ಲಾಡಲ್ಲ. ನಾಲ್ಕು ಕಾಲಿನದು ಓರೆಕೋರೆ ನೆಲದಲ್ಲಿ ಅಲ್ಲಾಡುತ್ತೆ. ಆ ಅಲ್ಲಾಟವನ್ನು ಬೋಲ್ಟ್ ಬಿಗಿದು ನಿಲ್ಲಿಸಿದರೆ ಆ ಎಳೆತಕ್ಕೆ ಬೆಡ್ಡೇ ತಿರುಚಿಕೊಳ್ಳುತ್ತೆ. ಕಣ್ಣಿಗೆ ಕಾಣಲ್ಲ. ಅದರ ಮೇಲೆ ಹಿಡಿದ ಫ್ರೇಮೂ ಅದೇ ತಿರುಚಲು ತಗೊಂಡು ಹೊರಗೆ ಬರುತ್ತೆ. ಪೀಣ್ಯದಲ್ಲಿ ನಿನ್ನ ನೆಲ ಚೆನ್ನಾಗಿತ್ತು, ಅದಕ್ಕೇ ಗೊತ್ತಾಗಲಿಲ್ಲ.

ಬೋಲ್ಟ್ ಬಿಚ್ಚು, ಯಾವ ಕಾಲು ಮೇಲೇಳುತ್ತೆ ನೋಡು. ಆಮೇಲೆ ಮೂರು ಕಡೆ ಮಾತ್ರ ಆನಿಸಿ ಕೂರಿಸು, ನಾಲ್ಕನೆಯದು ಮುಟ್ಟಿದ ಹಾಗಿರಲಿ, ಬಿಗಿಯಬೇಡ. ಬಗ್ಗಿಸಿ ಸರಿ ಮಾಡುತ್ತೀನಿ ಅಂತ ಬರೆದಿದ್ದೀಯಲ್ಲ, ಆ ಕೆಲಸ ಇವತ್ತೇ ನಿಲ್ಲಿಸು. ಅಂದಾಜಿಗೆ ಬಗ್ಗಿಸಿದ ಫ್ರೇಮನ್ನು ನಮ್ಮ ಕಾಲದಲ್ಲಿ ಗೇಟಿನಿಂದ ಆಚೆಗೇ ಬಿಡುತ್ತಿರಲಿಲ್ಲ.

ಶೆಡ್ಡಿನವನು:

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಾಲ್ಕೂ ಬೋಲ್ಟ್ ಬಿಚ್ಚಿದೆ. ಕೊನೆಯದು ಸಡಿಲ ಆಗುತ್ತಿದ್ದ ಹಾಗೆ ಟಕ್ ಅಂತ ಶಬ್ದ ಬಂತು. ಹಿಂದಿನ ಎಡಗಾಲು ನೆಲ ಬಿಟ್ಟು ಮೇಲೆದ್ದು ನಿಂತಿತ್ತು. ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿದೆ, 1.2 ಮಿಲಿಮೀಟರ್. ಎಂಟು ತಿಂಗಳಿಂದ ಅದನ್ನು ಕೆಳಕ್ಕೆ ಎಳೆದು ಹಿಡಿದಿದ್ದು ನಾನೇ, 17ರ ಸ್ಪ್ಯಾನರ್‌ಗೆ ಪೈಪ್ ಹಾಕಿ ಬಿಗಿದಿದ್ದೆ.

ಅಂಕಲ್ ಹೇಳಿದ ಹಾಗೆ ಮೂರು ಕಾಲಿನ ಮೇಲೆ ಕೂರಿಸಿದೆ. ನಿನ್ನೆ ಒಂದು ಫ್ರೇಮ್ ವೆಲ್ಡ್ ಮಾಡಿ, ಬಗ್ಗಿಸದೆ ದಾರ ಕಟ್ಟಿದೆ. ಬಲಕ್ಕೆ 29. ಎಡಕ್ಕೆ 29 ಬಂದಾಗ ನಂಬಿಕೆ ಬರಲಿಲ್ಲ, ಹುಡುಗನ ಕೈಯಲ್ಲಿ ಇನ್ನೊಂದು ಸಲ ಅಳೆಸಿದೆ.

ಈ ಶೆಡ್ಡಿಗೆ ಬಂದ ಮೇಲೆ 27 ಸೈಕಲ್ ಹೋಗಿವೆ. ರಿಜಿಸ್ಟರ್ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೇನೆ. ದಾರ ಕಟ್ಟಿ ಅಳೆಯುವುದು ಹೇಗೆ ಅಂತ ಹೇಳಿಕೊಡುತ್ತೇನೆ. 2 ಮಿಲಿಮೀಟರ್ ಮೇಲೆ ವ್ಯತ್ಯಾಸ ಬಂದರೆ ಫ್ರೇಮ್ ವಾಪಸ್ ಕಳಿಸಿ, ಸಾಗಣೆ ನಮ್ಮದು, ಹೊಸದು ಮಾಡಿ ಕೊಡುತ್ತೇನೆ ಅಂತಲೂ ಹೇಳುತ್ತೇನೆ. ಇಲ್ಲಿಯ ತನಕ ಹನ್ನೊಂದು ಜನ ಆದರು. ಅವರಲ್ಲಿ ನಾಲ್ವರು, "ನಮಗೂ ಹಾಗೇ ಅನಿಸಿತ್ತು, ಏನು ಹೇಳೋದು ಅಂತ ಸುಮ್ನಿದ್ದೆವು" ಅಂದರು. ಒಬ್ಬರು ಇನ್ನೊಂದು ಸೈಕಲ್‌ಗೆ ರೇಟು ಕೇಳಿದರು, ಹೆಂಡತಿಗಂತೆ. ಇನ್ನೊಬ್ಬರು ಫೋನ್ ಇಟ್ಟುಬಿಟ್ಟರು.

ಅಂಕಲ್, ಯಾದವಗಿರಿಯಿಂದ ಕೂರ್ಗಳ್ಳಿ ಏನು ದೂರ ಇಲ್ಲ. ಈ ಶನಿವಾರ ನಾನೇ ಬಂದು ಕರೆದುಕೊಂಡು ಬರಲಾ? ಹೆಡ್ ಟ್ಯೂಬಿನ ಕೋನದ ಬಗ್ಗೆಯೂ ನನಗೆ ಒಂದು ಅನುಮಾನ ಇದೆ.