ಮನೆಯೊಳಗಿನ ಮೆಣಸಿನಕಾಯಿ ಗಿಡ: ಹೂ ನಿಲ್ಲುತ್ತಿಲ್ಲ, ಕುಡಿ ಮುಟುರಿದೆ

ಕುಂಡದಂಚು (ಪ್ರಶ್ನೆ):

ನಾಲ್ಕು ತಿಂಗಳಿನ ಎರಡು ಮೆಣಸಿನಕಾಯಿ ಗಿಡ, ಒಂದೊಂದೂ 10 ಲೀಟರ್ ಕುಂಡದಲ್ಲಿ. ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಉಳಿದದ್ದು ಎರೆಗೊಬ್ಬರ ಮತ್ತು ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು). ನೇರ ಬಿಸಿಲು ಬೀಳದ ಕಿಟಕಿಯಿಂದ ಎರಡಡಿ ಒಳಗಿವೆ. ಮೂರಡಿ ಮೇಲೆ 9 ವ್ಯಾಟಿನ ಎಲ್‌ಇಡಿ ಬಲ್ಬ್ 14 ಗಂಟೆ ಉರಿಯುತ್ತದೆ. ದಿನಾ ಅರ್ಧ ಲೀಟರ್ ನೀರು, ವಾರಕ್ಕೊಮ್ಮೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಲೀಟರಿಗೆ 5 ಗ್ರಾಂ. ಕೋಣೆಯ ಉಷ್ಣಾಂಶ ಹಗಲು 28, ರಾತ್ರಿ 22 ಡಿಗ್ರಿ.

ಗಿಡ ಎಳೆದ ಹಾಗೆ ಉದ್ದವಾಗಿದೆ, ಗಿಣ್ಣುಗಳ ನಡುವೆ ಅಂತರ ಜಾಸ್ತಿ. ಅರಳಿದ ಹೂವಿನ ತೊಟ್ಟು ಎರಡು ಮೂರು ದಿನಕ್ಕೆ ಹಳದಿಯಾಗಿ ಕಳಚಿ ಬೀಳುತ್ತದೆ. ಒಂದು ಗಿಡದಲ್ಲಿ ಕುಡಿ ಎಲೆಗಳೂ ಸಣ್ಣದಾಗಿ ಮುಟುರಿವೆ. ಅದಕ್ಕೆ ಐದು ದಿನದ ಹಿಂದೆ ಬೇವಿನ ಎಣ್ಣೆ ಸಿಂಪಡಿಸಿದ್ದಾಯಿತು. ಗೊಬ್ಬರ ಇನ್ನೂ ಹೆಚ್ಚಿಸಬೇಕೆ?

ಬೆಳಕಿನಕೋಲು:

ಗೊಬ್ಬರ ಹೆಚ್ಚಿಸಲೇಬೇಡಿ. ನಿಮ್ಮ ಗಿಡಕ್ಕೆ ಹಸಿವಿರುವುದು ಬೆಳಕಿಗೆ.

ಮೂರಡಿ ಎತ್ತರದ 9 ವ್ಯಾಟ್ ಬಲ್ಬಿನಿಂದ ಎಲೆಗೆ ತಲುಪುವುದು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಮಾತ್ರ. ಬಿಸಿಲಿಲ್ಲದ ಕಿಟಕಿ ಸೇರಿಸಿದರೂ ಒಂದೆರಡು ಸಾವಿರ ದಾಟುವುದು ಕಷ್ಟ. ಕಾಯಿ ಕಟ್ಟಬೇಕಾದರೆ ಗಿಡದ ತುದಿಯಲ್ಲಿ ಕನಿಷ್ಠ 20,000 ಲಕ್ಸ್, 14ರಿಂದ 16 ಗಂಟೆ ಬೇಕು. ಫೋನಿನ ಲಕ್ಸ್ ಮೀಟರ್ ಆ್ಯಪ್ ಅಷ್ಟು ನಿಖರವಲ್ಲ, ಆದರೆ 1,000ಕ್ಕೂ 20,000ಕ್ಕೂ ಇರುವ ವ್ಯತ್ಯಾಸ ಅದರಲ್ಲೇ ಗೊತ್ತಾಗುತ್ತದೆ. ಗಿಡಕ್ಕೊಂದರಂತೆ ನಿಜವಾಗಿ 25–30 ವ್ಯಾಟ್ ಎಳೆಯುವ ಬಿಳಿ ಎಲ್‌ಇಡಿ ಹಾಕಿ. ಡಬ್ಬದ ಮೇಲೆ ಹಳೆ ಬಲ್ಬಿಗೆ ಹೋಲಿಸಿ ಬರೆದ "ಸಮಾನ ವ್ಯಾಟ್" ನಂಬಬೇಡಿ. ಮೊದಲ ವಾರ ತುದಿಯಿಂದ 45 ಸೆಂ.ಮೀ. ಎತ್ತರದಲ್ಲಿರಲಿ, ಆಮೇಲೆ 30ಕ್ಕೆ ಇಳಿಸಿ. ನೆರಳಲ್ಲಿ ಬೆಳೆದ ಎಲೆಗೆ ಒಮ್ಮೆಲೇ ಜೋರು ಬೆಳಕು ಬಿದ್ದರೆ ಮೇಲೆ ಬಿಳಿಚಿದ ಕಲೆ ಬೀಳುತ್ತದೆ. ಆಗ ಸ್ವಲ್ಪ ಮೇಲೆತ್ತಿದರೆ ಸಾಕು. ರಾತ್ರಿ ಕತ್ತಲೆ ಇರಲಿ, 24 ಗಂಟೆ ಉರಿಸಬೇಡಿ.

ಉಷ್ಣಾಂಶದ ತಪ್ಪಿಲ್ಲ. ಹಗಲು 32 ದಾಟಿದರೆ, ಅಥವಾ ರಾತ್ರಿ 15ಕ್ಕಿಂತ ಕೆಳಗಿಳಿದರೆ ಹೂ ಉದುರುತ್ತದೆ. ನಿಮ್ಮದು ಎರಡರ ನಡುವೆ ಇದೆ.

ಇನ್ನು ಪರಾಗಸ್ಪರ್ಶ. ಮೆಣಸಿನಕಾಯಿ ಹೂ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೆ ಅಲುಗಾಡಬೇಕು, ಒಳಗೆ ಗಾಳಿಯಿಲ್ಲ. ದೀಪ ಹಾಕಿ ಮೂರು ನಾಲ್ಕು ಗಂಟೆಯ ಮೇಲೆ ಹೂವನ್ನು ನೋಡಿ: ನೀಲಿ ಛಾಯೆಯ ಪರಾಗಕೋಶ ಸೀಳಿ ಬೂದಿಯಂಥ ಪುಡಿ ಹೊರಬಂದಿರುತ್ತದೆ. ಆಗ ತೊಟ್ಟಿನ ಹಿಂದೆ ಬೆರಳಿಂದ ಎರಡು ಮೂರು ಸಲ ಮೆಲ್ಲಗೆ ತಟ್ಟಿ. ಬ್ಯಾಟರಿ ಟೂತ್‌ಬ್ರಷ್‌ನ ಹಿಂಬದಿ ತಾಗಿಸಿದರೆ ಇನ್ನೂ ಚೆನ್ನ. ಸಣ್ಣ ಫ್ಯಾನ್ ಇಟ್ಟರೆ ಕಾಂಡವೂ ಗಟ್ಟಿಯಾಗುತ್ತದೆ.

ಬೇರುಮಣ್ಣು:

ಬೆಳಕಿನ ಮಾತು ಸರಿ. ಆದರೆ ನೀರು-ಗೊಬ್ಬರವನ್ನೂ ಈಗಲೇ ಸರಿಪಡಿಸದಿದ್ದರೆ ದೀಪ ಬಂದರೂ ಬೇರು ಏಳುವುದಿಲ್ಲ. ಲೀಟರಿಗೆ 5 ಗ್ರಾಂ ಕುಂಡದ ಗಿಡಕ್ಕೆ ವಿಪರೀತ. ಅದರಲ್ಲೂ ಮಂದ ಬೆಳಕಿನಲ್ಲಿ ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲೇ ಉಳಿಯುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದು ಉಪ್ಪು. ಒಮ್ಮೆ ಕುಂಡಕ್ಕೆ 20ರಿಂದ 30 ಲೀಟರ್ ಬರೀ ನೀರನ್ನು ನಿಧಾನಕ್ಕೆ ಸುರಿದು ಕೆಳಗಿನಿಂದ ಪೂರ್ತಿ ಬಸಿದು ಹೋಗಲು ಬಿಡಿ. ಆಮೇಲೆ ಎರಡು ವಾರ ಗೊಬ್ಬರ ಬೇಡ. ಮತ್ತೆ ಶುರುಮಾಡುವಾಗ ಲೀಟರಿಗೆ 1 ಗ್ರಾಂ, ಹತ್ತು ಹನ್ನೆರಡು ದಿನಕ್ಕೊಮ್ಮೆ. ಹೂ ಬಂದ ಮೇಲೆ 19:19:19 ಬದಲು ಒಂದು ಸರದಿ ಬಿಟ್ಟು ಒಂದು ಸರದಿ 13:0:45 (ಪೊಟ್ಯಾಷ್ ಹೆಚ್ಚಿರುವ ಗೊಬ್ಬರ) ಕೊಡಿ, ಪ್ರಮಾಣ ಅಷ್ಟೇ.

"ದಿನಾ ಅರ್ಧ ಲೀಟರ್" ಎಂಬ ಲೆಕ್ಕ ಬಿಡಿ. ಕೊಕೊಪೀಟ್ ಮೇಲೆ ಒಣಗಿ ಕಂಡರೂ ಕೆಳಗೆ ಒದ್ದೆಯಿರುತ್ತದೆ. ಬೆರಳು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ, ಕುಂಡ ಎತ್ತಿ ತೂಕ ನೋಡಿ. ಹಗುರಾದಾಗ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಮಣ್ಣು ಒದ್ದೆಯಿದ್ದೂ ಎಲೆ ಜೋತಿದ್ದರೆ ಬೇರಿಗೆ ಉಸಿರಿಲ್ಲ ಎಂದರ್ಥ.

ಮುಂದೆ ಕಾಯಿ ಬಂದಾಗ ತುದಿ ಕಪ್ಪಾಗಿ ಒಳಕ್ಕೆ ಕುಸಿದರೆ ಕ್ಯಾಲ್ಸಿಯಂ ಡಬ್ಬ ತರುವ ಮೊದಲು ನೀರಿನ ಏರುಪೇರು ನಿಲ್ಲಿಸಿ. ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದನ್ನು ಕಾಯಿಗೆ ಒಯ್ಯುವ ನೀರಿನ ಓಟ ಕಡಿದಿರುತ್ತದೆ.

ಮುಟುರಿನ ಬಗ್ಗೆ: ಎಲೆ ಮೇಲಕ್ಕೆ ದೋಣಿಯಂತೆ ಮಡಿಚಿದೆಯೋ, ಕೆಳಕ್ಕೆ ಮಡಿಚಿದೆಯೋ? ಮೇಲಕ್ಕಾದರೆ ಥ್ರಿಪ್ಸ್ ನುಸಿ (ರಸ ಹೀರುವ ಸಣ್ಣ ಕೀಟ), ಕೆಳಕ್ಕಾದರೆ ಮೈಟ್ ನುಸಿ (ಜೇಡದ ಜಾತಿಯ ಅತಿ ಸಣ್ಣ ಜೀವಿ). ಔಷಧಿ ಬೇರೆ ಬೇರೆ, ನೋಡಿ ಹೇಳಿ.

ಕುಂಡದಂಚು:

ಕೆಳಕ್ಕೆ ಮಡಿಚಿದೆ. ಎಲೆ ಪಟ್ಟಿಯಂತೆ ಕಿರಿದು, ನಡುನರ ಅಂಕುಡೊಂಕು, ಹಿಂಬದಿ ಕಂದು ಬಣ್ಣದ ಹೊಳಪು. ಬಲೆ ಇಲ್ಲ. ಬರಿಗಣ್ಣಿಗೆ ಹುಳು ಕಾಣುವುದಿಲ್ಲ. 30 ಪಟ್ಟಿನ ಲೆನ್ಸ್‌ನಲ್ಲಿ ಹಿಂಬದಿಯಲ್ಲಿ ಪಾರದರ್ಶಕ ಮೊಟ್ಟೆಗಳು, ಅವುಗಳ ಮೇಲೆ ಸಾಲು ಸಾಲು ಬಿಳಿ ಚುಕ್ಕೆ. ನೀರಲ್ಲಿ ಕರಗುವ ಗಂಧಕ ಕೈಯಲ್ಲಿದೆ, ಇವತ್ತೇ ಹೊಡೆಯಲೇ?

ಎಲೆಹಿಂಬದಿ:

ಇವತ್ತು ಬೇಡ! ಐದು ದಿನದ ಹಿಂದೆ ಎಣ್ಣೆ ಬಿದ್ದಿದೆ. ಎಣ್ಣೆಗೂ ಗಂಧಕಕ್ಕೂ ನಡುವೆ ಎರಡು ವಾರವಾದರೂ ಬಿಡದಿದ್ದರೆ ಎಲೆ ಸುಟ್ಟುಹೋಗುತ್ತದೆ.

ಚುಕ್ಕೆ ಸಾಲಿನ ಮೊಟ್ಟೆ ಎಂದ ಮೇಲೆ ಅನುಮಾನವಿಲ್ಲ, ಇದು ಹಳದಿ ಮೈಟ್ ನುಸಿ. ಬಲೆ ನೇಯುವ ಕೆಂಪು ನುಸಿ ಬೇರೆ ಜಾತಿ. ಇದು ಕುಡಿಯಲ್ಲೇ ಅಡಗುತ್ತದೆ, ಅದಕ್ಕೇ ಮೊದಲು ಕತ್ತರಿ: ಮುಟುರಿದ ಕುಡಿಗಳನ್ನೆಲ್ಲ ಚೆನ್ನಾಗಿರುವ ಎಲೆಯ ಗಿಣ್ಣಿನ ಮೇಲೆ ಕತ್ತರಿಸಿ, ಅಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಯೇ ಇನ್ನೊಂದು ಗಿಡ ಮುಟ್ಟಿ. ಎರಡು ಗಿಡಗಳನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಬಿಳಿ ನೊಣದ ಕಾಲಿಗೆ ಅಂಟಿಕೊಂಡು ಈ ನುಸಿ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಹಳದಿ ಅಂಟುಕಾರ್ಡ್ ಒಂದೊಂದು ನೇತುಹಾಕಿ.

ಎಣ್ಣೆ ಹೊಡೆದು ಹದಿನಾಲ್ಕು ದಿನ ಕಳೆದ ಮೇಲೆ ಗಂಧಕ, ಲೀಟರಿಗೆ 2 ಗ್ರಾಂ. ಗಿಡವನ್ನು ಹೊರಗೆ ಒಯ್ದು, ಮಾಸ್ಕ್ ಹಾಕಿ, ಎಲೆಯ ಹಿಂಬದಿಗೆ ತಾಗುವಂತೆ ಸಂಜೆ ಹೊಡೆಯಿರಿ. 32 ಡಿಗ್ರಿಗಿಂತ ಸೆಖೆಯಿದ್ದರೆ ಮುಂದೂಡಿ. ಒಣಗಿದ ಮೇಲಷ್ಟೇ ದೀಪದಡಿ ತನ್ನಿ. ಏಳು ದಿನಕ್ಕೆ ಮತ್ತೊಂದು ಸಲ. ಬೆಚ್ಚಗಿನ ಕೋಣೆಯಲ್ಲಿ ಮೊಟ್ಟೆಯಿಂದ ಮೊಟ್ಟೆಗೆ ಒಂದು ವಾರ ಸಾಕಾಗುತ್ತದೆ, ಒಂದೇ ಸಲ ಹೊಡೆದು ಬಿಟ್ಟರೆ ಮತ್ತೆ ಅಲ್ಲಿಗೇ ಬರುತ್ತದೆ.

ಮುಟುರಿದ ಹಳೆ ಎಲೆ ನೆಟ್ಟಗಾಗುವುದಿಲ್ಲ, ಅದನ್ನು ನೋಡಿ ಔಷಧಿ ಮತ್ತೆ ಮತ್ತೆ ಹೊಡೆಯಬೇಡಿ. ಹೊಸ ಚಿಗುರು ಅಗಲವಾಗಿ ಬಂದರೆ ಗೆದ್ದಂತೆ. ಎರಡನೇ ಸಿಂಪಡಣೆಯಾಗಿ ಮೂರು ವಾರ ಕಳೆದು, ಲೆನ್ಸ್‌ನಲ್ಲಿ ನುಸಿ ಇಲ್ಲದಿದ್ದರೂ ಚಿಗುರು ಚಿಕ್ಕದಾಗಿ, ನರ ಹಳದಿಯಾಗಿಯೇ ಬಂದರೆ ಅದು ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಇನ್ನೊಂದು ಗಿಡ ಉಳಿಸಿಕೊಳ್ಳಲು ಅದನ್ನು ಕಿತ್ತುಹಾಕಿ.