ಹತ್ತನೆಯ ಕ್ಲಾಸಿನ ವರ್ಷ ಮಗಳ ಯಕ್ಷಗಾನ ನಿಲ್ಲಿಸಬೇಕಾ?

ಹೊಲಿಗೆಯಮ್ಮ, ಪೆರ್ಲ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ಮರುದಿನ ಸಂಜೆ ನನ್ನ ಮಗಳು ನಮ್ಮ ಅಂಗಳದಲ್ಲಿ ಎಲ್ಲಿಯೂ ನಿಲ್ಲದೆ 52 ಧೀಂಗಿಣ (ಯಕ್ಷಗಾನದಲ್ಲಿ ಗಿರಕಿ ಹೊಡೆಯುತ್ತ ಹಾರುವುದು) ಹಾರಿದಳು. ಲೆಕ್ಕ ಇಟ್ಟದ್ದು ಅವಳ ತಮ್ಮ. ಒಂದು ಬುಟ್ಟಿಯಲ್ಲಿ ಕರಿಗೋಟು ಅಡಿಕೆ ಇಟ್ಟುಕೊಂಡು, ಅಕ್ಕ ಒಂದು ಸುತ್ತು ಹಾರಿದ ಕೂಡಲೇ ಒಂದು ಅಡಿಕೆಯನ್ನು ಗೆರಸೆಗೆ ಹಾಕುವುದು ಅವನ ಕೆಲಸ. ಮುಗಿದ ಮೇಲೆ ಇಬ್ಬರೂ ಕೂತು ಎರಡು ಸಲ ಎಣಿಸಿದರು. ನಾನು ಹೊಲಿಗೆ ಮೆಷಿನಿನಿಂದ ಎದ್ದು ಬಂದು ಮೂರನೆಯ ಸಲ ಎಣಿಸಿದೆ. 52 ಸರಿ ಇತ್ತು.

ಐದನೆಯ ಕ್ಲಾಸಿನಲ್ಲಿ ಇವಳು ಮೊದಲ ಸಲ ಹಾರಿದ್ದು ಮೂರು. ನಾಲ್ಕನೆಯದಕ್ಕೆ ತಲೆ ತಿರುಗಿ ತುಳಸಿಕಟ್ಟೆಗೆ ಒರಗಿ ಕೂತಿದ್ದಳು. ಆ ವರ್ಷ ನಮ್ಮೂರ ದೇವಸ್ಥಾನದ ಗದ್ದೆಗೆ ಮೇಳ ಬಂದಿತ್ತು. ಬೆಳಗಿನ ಜಾವ ಎಲ್ಲ ಮಕ್ಕಳೂ ಚಾಪೆಯ ಮೇಲೆ ಮಲಗಿದ್ದರೆ ಇವಳೊಬ್ಬಳು ಕಣ್ಣು ಮುಚ್ಚದೆ ಕೂತಿದ್ದಳು. ಮನೆಗೆ ಬಂದು ಚಾ ಕುಡಿಯುವ ಮೊದಲೇ, "ಅಮ್ಮ, ನನ್ನನ್ನು ನಾಟ್ಯದ ಕ್ಲಾಸಿಗೆ ಸೇರಿಸು" ಎಂದಳು. ಸೇರಿಸಿದೆ. ಆದಿತ್ಯವಾರ ಒಂದೇ ಬಸ್ಸು, ಅದು ತಪ್ಪಿದರೆ ಜೀಪು.

ಎರಡನೆಯ ವರ್ಷ ಬಿದ್ದು ಎಡಗೈ ಮಣಿಕಟ್ಟಿನ ಹತ್ತಿರ ಎಲುಬು ಬಿರುಕು ಬಿಟ್ಟಿತು. ಐದು ವಾರ ಪ್ಲಾಸ್ಟರ್. ಇನ್ನು ಕ್ಲಾಸು ಇಲ್ಲ ಎಂದು ನಾನು ಅಂದುಕೊಂಡಿದ್ದೆ. ಇವಳು ಪ್ಲಾಸ್ಟರ್ ಕೈಯನ್ನು ನನ್ನ ಹಳೆಯ ಶಾಲಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಕುಣಿಯಲು ಆಗುವುದಿಲ್ಲವಲ್ಲ, ಗುರುಗಳ ಪಕ್ಕ ಕೂತು ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ ಬಾಯಿತಾಳ ಹೇಳಿದಳು. ಪ್ಲಾಸ್ಟರ್ ಬಿಚ್ಚುವಾಗ ಅವಳ ಜೊತೆಗಿದ್ದವರಿಗೆ ಏಕತಾಳ ಬರುತ್ತಿತ್ತು, ಇವಳಿಗೆ ತ್ರಿವುಡೆಯೂ ಝಂಪೆಯೂ ಬಾಯಿಗೆ ಬಂದಾಗಿತ್ತು.

ಒಂದು ಕಡೆ ಆಟ (ಯಕ್ಷಗಾನ ಪ್ರದರ್ಶನ) ಏರ್ಪಡಿಸಿದವರು, "ಹುಡುಗಿಗೆ ಪುಂಡುವೇಷ ಯಾಕೆ, ಸ್ತ್ರೀವೇಷ ಕೊಡುವ" ಎಂದು ಹೇಳಿ, ಹಾರಿ ಕುಣಿಯುವ ವೀರ ಯುವಕರ ಆ ಪುಂಡುವೇಷವನ್ನು ತಪ್ಪಿಸಿದರು. ಮನೆಗೆ ಬರುವ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ ಇವಳು. ಅವತ್ತು ದೀಪ ಹಚ್ಚುವ ಹೊತ್ತು ಕಳೆದ ಮೇಲೂ ಅಂಗಳದಲ್ಲಿ ಗೆಜ್ಜೆಯ ಸದ್ದು ಇತ್ತು. ಹೋದ ವರ್ಷ ನಮ್ಮೂರಲ್ಲೇ ಅಭಿಮನ್ಯು ಮಾಡಿದಳು. ಆಟ ಮುಗಿದು ಬಣ್ಣ ಹಚ್ಚುವ ಚೌಕಿಗೆ ಹೋಗಿ ನೋಡುತ್ತೇನೆ, ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದಾಳೆ. ಕಿರೀಟದ ಕಟ್ಟು ಬಿಗಿದಿದ್ದ ಜಾಗದಲ್ಲಿ ಹಣೆಗೆ ಅಡ್ಡಲಾಗಿ ಕೆಂಪು ಗೆರೆ, ಬೆರಳು ಇಟ್ಟರೆ ತಗ್ಗು ಸಿಗುತ್ತಿತ್ತು. "ಸಡಿಲ ಮಾಡಲು ಹೇಳಬಾರದಿತ್ತಾ ಮಗಾ?" ಎಂದು ಕೇಳಿದೆ. "ಸಡಿಲ ಆದರೆ ಹಾರುವಾಗ ಜಾರುತ್ತದೆ ಅಮ್ಮ" ಎಂದಳು. ನಾನು ಅವಳ ಪ್ರಾಯದಲ್ಲಿ ಯಾವುದನ್ನೂ ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಆ ಗೆರೆಯ ಮೇಲೆ ಎಣ್ಣೆ ಸವರುವಾಗ ನನಗೆ ಕಣ್ಣು ತುಂಬಿ ಬಂತು.

ಸಣ್ಣವನದ್ದೂ ಹೇಳಬೇಕು, ಇಲ್ಲದಿದ್ದರೆ ತಪ್ಪಾಗುತ್ತದೆ. ಎಂಟು ವರ್ಷ, ನೀರೆಂದರೆ ಹೆದರುತ್ತಿದ್ದ. ಈ ಎಪ್ರಿಲಿನಲ್ಲಿ ಅವನ ಅಪ್ಪ ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಸ್ವಲ್ಪ ಎಬ್ಬಿಸಿ, ಒಂದಕ್ಕೊಂದು ಗಂಟು ಹಾಕಿ, ಎದೆಯ ಕೆಳಗೆ ಕೊಟ್ಟು ಮದಕಕ್ಕೆ (ಕೆರೆಗೆ) ಇಳಿಸಿದರು. ಮೊದಲ ದಿನ ಮೆಟ್ಟಿಲು ಬಿಡಲಿಲ್ಲ. ಒಂಬತ್ತನೆಯ ದಿನ, "ಅಪ್ಪಾ, ಕಾಯಿ ಬೇಡ" ಎಂದು ತಾನೇ ಬದಿಗೆ ತಳ್ಳಿ ಆಚೆ ದಡಕ್ಕೆ ಹೋದ. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಉಸಿರು ಹಿಡಿದು ನಿಂತಿದ್ದೆ.

ಈಗ ವಿಷಯ. ಜೂನ್ ಬಂತು, ಮಗಳು ಹತ್ತನೆಯ ಕ್ಲಾಸು. ಅತ್ತೆಯೂ ನಾದಿನಿಯೂ, "ದೊಡ್ಡ ಹುಡುಗಿ, ಹತ್ತನೆಯ ಕ್ಲಾಸು, ಇನ್ನು ಕುಣಿದದ್ದು ಸಾಕು" ಎನ್ನುತ್ತಾರೆ. ಇವರು, "ನೀನು ಹೇಳಿದ ಹಾಗೆ" ಎಂದು ನನ್ನ ಮೇಲೆಯೇ ಬಿಟ್ಟಿದ್ದಾರೆ. ಅದರ ಮೇಲೆ ಎರಡು ವಾರದಿಂದ ಅವಳಿಗೆ ಮೊಣಕಾಲು ನೋವು. ಮೆಟ್ಟಿಲು ಇಳಿಯುವಾಗ, ಚಕ್ಕಳಮಕ್ಕಳ ಕೂತು ಏಳುವಾಗ ಮುಖ ಕಿವುಚುತ್ತಾಳೆ. ಕೇಳಿದರೆ ಎಂತದೂ ಇಲ್ಲ ಎನ್ನುತ್ತಾಳೆ. ಒಂಬತ್ತರಲ್ಲಿ ಮಾರ್ಕು ಚೆನ್ನಾಗಿಯೇ ಉಂಟು, ಗಣಿತ ಮಾತ್ರ ಕಷ್ಟ. ನಿಲ್ಲಿಸಿದರೆ ಅವಳ ಮನಸ್ಸು ಮುರಿಯುತ್ತದೆಯೋ, ನಿಲ್ಲಿಸದಿದ್ದರೆ ಪರೀಕ್ಷೆಗೆ ಪೆಟ್ಟಾಗುತ್ತದೆಯೋ, ನನಗೆ ತಿಳಿಯುತ್ತಿಲ್ಲ. ಮಗಳ ಮೇಲಿನ ಅಭಿಮಾನದಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೇನಾ ಎಂಬ ಹೆದರಿಕೆಯೂ ಉಂಟು. ಅನುಭವ ಇದ್ದವರು ಹೇಳಿ.

ಕನ್ನಡ ಮೇಷ್ಟ್ರು, ಕುಂಬಳೆ

ಅಮ್ಮಾ, ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಅಧ್ಯಾಪಕ. ಪ್ರತಿ ವರ್ಷವೂ ಹತ್ತನೆಯ ಕ್ಲಾಸಿಗೆ ಪಾಠ ಮಾಡುತ್ತೇನೆ, ನಮ್ಮ ಶಾಲೆಯ ಯಕ್ಷಗಾನ ತಂಡದ ಜೊತೆ ಕಲೋತ್ಸವಕ್ಕೂ (ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ) ಹೋಗುತ್ತೇನೆ. ಆದ್ದರಿಂದ ಎರಡೂ ಕಡೆಯ ಮಾತು ನನಗೆ ಗೊತ್ತು.

ಆದಿತ್ಯವಾರದ ಒಂದು ಕ್ಲಾಸಿನಿಂದ ಮಾರ್ಕು ಕಳೆದುಕೊಂಡ ಮಗುವನ್ನು ನಾನು ಕಂಡಿಲ್ಲ. ಪೆಟ್ಟು ಬೀಳುವುದು ಬೇರೆ ಎರಡು ಕಡೆ. ಒಂದು, ರಾತ್ರಿ ಆಟ. ಬೆಳಗ್ಗೆ ನಾಲ್ಕಕ್ಕೆ ಬಣ್ಣ ಒರೆಸಿ ಮಲಗಿದ ಮಗು ಹತ್ತು ಗಂಟೆಗೆ ಬೆಂಚಿನಲ್ಲಿ ಕೂತಿರುತ್ತದೆ ಅಷ್ಟೆ, ಪಾಠ ಒಳಗೆ ಹೋಗುವುದಿಲ್ಲ, ಮರುದಿನವೂ ಹೋಗುವುದಿಲ್ಲ. ಇನ್ನೊಂದು, ಕಲೋತ್ಸವದ ಅಭ್ಯಾಸಕ್ಕೆಂದು ಪಿರಿಯಡ್ ನಡುವೆ ಮಕ್ಕಳನ್ನು ಎಬ್ಬಿಸಿಕೊಂಡು ಹೋಗುವುದು. ಹೆಚ್ಚಾಗಿ ಹೋಗುವುದು ಗಣಿತದ ಪಿರಿಯಡ್ಡೇ, ಅದೂ ನಿಮ್ಮ ಮಗಳಿಗೆ ಕಷ್ಟದ ವಿಷಯ. ಅಭ್ಯಾಸ ಸಂಜೆ ಶಾಲೆ ಬಿಟ್ಟ ಮೇಲೆ ಇರಲಿ ಎಂದು ಈಗಲೇ ಹೋಗಿ ಕ್ಲಾಸ್ ಟೀಚರಿಗೆ ಹೇಳಿ. ನವೆಂಬರಿನಲ್ಲಿ ಹೇಳಿದರೆ ಯಾರೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ.

ನಾನಾದರೆ ಹೀಗೆ ಮಾಡುತ್ತಿದ್ದೆ: ರಾತ್ರಿ ಆಟ ಈ ವರ್ಷಕ್ಕೆ ಪೂರ್ತಿ ಬೇಡ. ಆದಿತ್ಯವಾರದ ಕ್ಲಾಸು ಕ್ರಿಸ್ಮಸ್ ಪರೀಕ್ಷೆಯವರೆಗೆ ಇರಲಿ, ಜನವರಿಯಿಂದ ಮಾರ್ಚ್ ಪರೀಕ್ಷೆ ಮುಗಿಯುವ ತನಕ ಗೆಜ್ಜೆ ಪೆಟ್ಟಿಗೆಯಲ್ಲಿರಲಿ. ಕಲೋತ್ಸವದಲ್ಲಿ ಗೆದ್ದರೆ ಪರೀಕ್ಷೆಗೆ ಸಿಗುವ ಗ್ರೇಸ್ ಮಾರ್ಕಿನ ಲೆಕ್ಕ ಹಾಕಿ ಕುಣಿಸಬೇಡಿ. ಅದರ ನಿಯಮ ಬದಲಾಗುತ್ತ ಇರುತ್ತದೆ, ನಂಬಿ ಕೂತ ಮಕ್ಕಳು ಅತ್ತದ್ದನ್ನು ನೋಡಿದ್ದೇನೆ.

2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಸರಗೋಡು ಜಿಲ್ಲೆಗೇ, ಕಾಞಂಗಾಡಿಗೆ ಬಂದಿತ್ತು. ಕನ್ನಡದ ಒಂದಕ್ಷರ ತಿಳಿಯದವರೂ ಮಕ್ಕಳ ಯಕ್ಷಗಾನಕ್ಕೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವನಾಗಿ ನನಗೆ ಅವತ್ತು ಆದ ಸಂತೋಷವನ್ನು ಮಾತಿನಲ್ಲಿ ಹೇಳಲು ಬರುವುದಿಲ್ಲ. ಇನ್ನೊಂದು, ಯಕ್ಷಗಾನದಲ್ಲಿ ಅರ್ಥ (ಪಾತ್ರದ ಮಾತು) ಹೇಳಿ ಅಭ್ಯಾಸ ಇರುವ ಮಕ್ಕಳ ಕನ್ನಡ ಉತ್ತರಪತ್ರಿಕೆ ದೂರದಿಂದಲೇ ಗೊತ್ತಾಗುತ್ತದೆ. ವಾಕ್ಯ ಅರ್ಧಕ್ಕೆ ನಿಲ್ಲುವುದಿಲ್ಲ.

ಮುಳ್ಳೇರಿಯದ ಅಪ್ಪ

ನನ್ನ ಅಭಿಪ್ರಾಯ ಬೇರೆ. ನನ್ನ ಮಗ ಚೆಂಡೆ ಕಲಿಯುತ್ತಿದ್ದ. ಹತ್ತನೆಯ ಕ್ಲಾಸಿನಲ್ಲಿ ಅವನೇ ಒಂದು ವರ್ಷ ಬಿಡುತ್ತೇನೆ ಎಂದ, ಬಿಟ್ಟ. ಪ್ಲಸ್ ವನ್ನಿಗೆ (ಹನ್ನೊಂದನೆಯ ಕ್ಲಾಸಿಗೆ) ಸೇರಿದ ಮೇಲೆ ಪುನಃ ಶುರು ಮಾಡಿದ. ಮೊದಲ ಎರಡು ತಿಂಗಳು ಕೈ ಓಡಲಿಲ್ಲ, ಆಮೇಲೆ ಸರಿಯಾಯಿತು. ಒಂದು ವರ್ಷದಲ್ಲಿ ವಿದ್ಯೆ ಎಲ್ಲಿಗೂ ಓಡಿ ಹೋಗುವುದಿಲ್ಲ. ಆದರೆ ಅಕ್ಕಾ, ನನ್ನ ಮಗ ತಾನಾಗಿ ಬಿಟ್ಟದ್ದು. ನಾವು ಬಿಡಿಸಿದ್ದರೆ ಹೇಗಾಗುತ್ತಿತ್ತೋ ನನಗೆ ಹೇಳಲು ಬರುವುದಿಲ್ಲ. ನೀವು ಇಷ್ಟು ಬರೆದಿದ್ದೀರಿ, ಮಗಳು ಎಂತ ಹೇಳುತ್ತಾಳೆ ಎಂದು ಎಲ್ಲಿಯೂ ಇಲ್ಲ. ಅವಳನ್ನು ಕೂರಿಸಿ ಕೇಳಿದ್ದೀರಾ?

ಬದಿಯಡ್ಕದ ಫಿಸಿಯೋ (ಈಗ ಮಂಗಳೂರು)

ನಾನು ಮೊಣಕಾಲಿನ ಬಗ್ಗೆ ಮಾತ್ರ ಹೇಳುತ್ತೇನೆ. ನೋವು ಶುರುವಾಗಿ ಎರಡು ವಾರ ಎಂದಿರಿ. ಮಳೆ ಶುರುವಾದದ್ದೂ ಸುಮಾರು ಅದೇ ಹೊತ್ತಿಗೆ ಅಲ್ಲವಾ? ಮಳೆ ಬಂದ ಮೇಲೆ ಅವಳು ಎಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ? ಅಂಗಳದ ಮಣ್ಣು ಬಿಟ್ಟು ಜಗಲಿಯ ಸಿಮೆಂಟಿಗೋ ಟೈಲ್ಸಿಗೋ ಬಂದಿದ್ದರೆ ಕಾರಣ ಅಲ್ಲೇ ಇರಬಹುದು. ಧೀಂಗಿಣದಲ್ಲಿ ಪ್ರತಿ ಸುತ್ತಿಗೂ ಮೈಭಾರ ಪೂರ್ತಿ ಮೊಣಕಾಲಿನ ಮೇಲೆ ಇಳಿಯುತ್ತದೆ. ಮಣ್ಣು ಅದರಲ್ಲಿ ಸ್ವಲ್ಪವನ್ನು ತಾನು ತೆಗೆದುಕೊಳ್ಳುತ್ತದೆ, ಸಿಮೆಂಟು ತೆಗೆದುಕೊಳ್ಳುವುದಿಲ್ಲ.

ಒಂದು ಪರೀಕ್ಷೆ ಮನೆಯಲ್ಲೇ ಮಾಡಿ. ಕಾಲು ನೀಡಿ ಕೂರಿಸಿ, ಮೊಣಕಾಲಿನ ಚಿಪ್ಪಿನ ಕೆಳಗೆ ಎರಡು ಬೆರಳು ಅಂತರದಲ್ಲಿ ಉಬ್ಬಿದ ಎಲುಬು ಇದೆಯಲ್ಲ, ಅದನ್ನು ಮೆತ್ತಗೆ ಒತ್ತಿ. ಅಲ್ಲೇ ಚುಚ್ಚಿದ ಹಾಗೆ ನೋವಾದರೆ ಅದು ಬೆಳೆಯುವ ಪ್ರಾಯದಲ್ಲಿ ಹಾರುವ, ಓಡುವ ಮಕ್ಕಳಿಗೆ ಬರುವಂಥದ್ದು. ತೊಡೆಯ ಮುಂಭಾಗದ ಸ್ನಾಯು ಇನ್ನೂ ಗಟ್ಟಿಯಾಗದ ಎಲುಬನ್ನು ಎಳೆದು ಎಳೆದು ಆಗುತ್ತದೆ. ಅಲ್ಲಿ ನೋವಿಲ್ಲದೆ ಚಿಪ್ಪಿನ ಸುತ್ತ, ಹಿಂದೆ ನೋವು, ಅದೂ ಮೆಟ್ಟಿಲು ಇಳಿಯುವಾಗ ಎಂದಾದರೆ ಬೇರೆ. ನೀವು ಬರೆದದ್ದು ನೋಡಿದರೆ ನನಗೆ ಎರಡನೆಯದು ಅನ್ನಿಸುತ್ತದೆ. ಆದರೆ ನೋಡದೆ ಖಂಡಿತ ಹೇಳಲಾರೆ.

ಯಾವುದೇ ಇದ್ದರೂ ಕೆಲವು ವಾರ ಸುತ್ತುಗಳನ್ನು ಕಡಿಮೆ ಮಾಡಬೇಕು. ಪೂರ್ತಿ ನಿಲ್ಲಿಸಬೇಕೆಂದಿಲ್ಲ, ನೋವು ಏರದಷ್ಟು ಸಾಕು. ಅಭ್ಯಾಸ ಆದ ಮೇಲೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ. ತೊಡೆ ಮತ್ತು ಸೊಂಟದ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಹತ್ತಿರದ ಫಿಸಿಯೋ ಬಳಿ ಒಮ್ಮೆ ಹೋಗಿ ಕಲಿಯಲಿ. ಮೊಣಕಾಲು ಊದಿದರೆ, ಮಡಚುವಾಗ ಸಿಕ್ಕಿಹಾಕಿಕೊಂಡರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ, ಜ್ವರ ಬಂದರೆ ಕಾಯಬೇಡಿ, ಎಲುಬಿನ ಡಾಕ್ಟರಿಗೆ ತೋರಿಸಿ.

"ಎಂತದೂ ಇಲ್ಲ" ಎನ್ನುವ ಮಕ್ಕಳ ಬಗ್ಗೆಯೇ ನನಗೆ ಚಿಂತೆ ಜಾಸ್ತಿ. ಪ್ಲಾಸ್ಟರ್ ಹಾಕಿಕೊಂಡು ಕ್ಲಾಸಿಗೆ ಹೋದ ಹುಡುಗಿ ನೋವು ಹೇಳುವುದಿಲ್ಲ. ನೋವು ಹೇಳಿದರೆ ಬಿಡಿಸುತ್ತಾರೆ ಎಂಬ ಹೆದರಿಕೆ ಇರುತ್ತದೆ. ಬಿಡಿಸುವುದಿಲ್ಲ ಎಂದು ಮೊದಲು ಮಾತು ಕೊಡಿ, ಆಮೇಲೆ ಕೇಳಿ ನೋಡಿ.

ಹೊಲಿಗೆಯಮ್ಮ, ಪೆರ್ಲ

ಎಲ್ಲರಿಗೂ ಕೈ ಮುಗಿಯುತ್ತೇನೆ. ಫಿಸಿಯೋ ಅವರೇ, ನೀವು ಇಲ್ಲೇ ನಮ್ಮ ಜಗಲಿಯಲ್ಲಿ ನಿಂತು ನೋಡಿದ ಹಾಗೆ ಬರೆದಿದ್ದೀರಿ. ಮಳೆ ಬಂದ ಮೇಲೆ ಅಂಗಳದಲ್ಲಿ ಪಾಚಿ, ಕಾಲಿಡಲು ಆಗುವುದಿಲ್ಲ. ಜಗಲಿಯ ಸಿಮೆಂಟಿನಲ್ಲೇ ಹಾರುತ್ತಿದ್ದಳು. ನನ್ನ ಮೆಷಿನಿನ ಎದುರೇ ಹಾರುತ್ತಿದ್ದಳು, ನನಗೆ ಹೊಳೆಯಲೇ ಇಲ್ಲ.

ನಿನ್ನೆ ರಾತ್ರಿ ಊಟ ಆದ ಮೇಲೆ ಅವಳ ಹತ್ತಿರ ಕೂತು, ಬಿಡಿಸುವುದಿಲ್ಲ ಎಂದು ಮೊದಲು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎರಡೂ ಕಾಲಿನಲ್ಲಿ ನೋವುಂಟು, ಎಡಗಾಲಿನಲ್ಲಿ ಜಾಸ್ತಿ ಎಂದಳು. ಒತ್ತಿ ನೋಡಿದೆ, ಕೆಳಗಿನ ಎಲುಬಿನಲ್ಲಿ ನೋವಿಲ್ಲ, ಚಿಪ್ಪಿನ ಸುತ್ತವೇ. ಶನಿವಾರ ಫಿಸಿಯೋ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಮುಳ್ಳೇರಿಯದ ಅಣ್ಣ, ನೀವು ಕೇಳಿದ್ದು ಸರಿ. ಕೇಳಿರಲಿಲ್ಲ ನಾನು. ಕೇಳಿದಾಗ ಅವಳು ಎದ್ದು ಹೋಗಿ ಹಳೆಯ ಕ್ಯಾಲೆಂಡರ್ ಹಾಳೆ ತಂದಳು. ಹಿಂದಿನ ಖಾಲಿ ಬದಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದು ಮಾರ್ಚ್‌ವರೆಗಿನ ಟೈಮ್‌ಟೇಬಲ್ ಬರೆದಿಟ್ಟಿದ್ದಾಳೆ. ದಿನಾ ಬೆಳಗ್ಗೆ ಐದೂವರೆಗೆ ಗಣಿತ. ಜನವರಿಯಿಂದ ಆದಿತ್ಯವಾರದ ಕ್ಲಾಸಿನ ಜಾಗದಲ್ಲಿ ಅಡ್ಡಗೆರೆ. ಮೇಷ್ಟ್ರು ಹೇಳಿದ್ದನ್ನೇ ಅವಳು ಮೊದಲೇ ಬರೆದುಕೊಂಡಿದ್ದಳು. ರಾತ್ರಿ ಆಟದ ವಿಷಯದಲ್ಲಿ ಮಾತ್ರ ವಾದ ಮಾಡಿದಳು, ಊರಿನ ಒಂದು ಆಟ ಬೇಕೇ ಬೇಕಂತೆ. ಒಂದಕ್ಕೆ ಒಪ್ಪಿದೆ, ಅದೂ ಡಿಸೆಂಬರ್ ರಜೆಯಲ್ಲಿ. ಆ ಹಾಳೆಯನ್ನು ಅತ್ತೆಗೂ ತೋರಿಸಿದಳು. ಅತ್ತೆ ಕನ್ನಡಕ ಹಾಕಿ ಪೂರ್ತಿ ಓದಿ, "ಐದೂವರೆಗೆ ಏಳುವುದಾದರೆ ಚಾ ನಾನು ಮಾಡಿ ಕೊಡುತ್ತೇನೆ" ಎಂದರು. ನಾದಿನಿಗೆ ಅವರೇ ಹೇಳುತ್ತಾರಂತೆ.

ಅಡಿಕೆ ಒಣಗಿಸುವ ಸೋಲಾರ್ ಗೂಡು ಈಗ ಖಾಲಿ. ಮೇಲೆ ಪ್ಲಾಸ್ಟಿಕ್ ಮಾಡು (ಛಾವಣಿ), ಕೆಳಗೆ ಗಟ್ಟಿ ಮಾಡಿದ ಮಣ್ಣು, ಮಳೆ ನೀರು ಒಳಗೆ ಬರುವುದಿಲ್ಲ. ಇವತ್ತು ಬೆಳಗ್ಗೆ ಇವರು ಗೋಣಿಗಳನ್ನೆಲ್ಲ ಬದಿಗೆ ಸರಿಸಿ ಗುಡಿಸಿ ಕೊಟ್ಟರು. ಸಂಜೆ ಅಕ್ಕ ತಮ್ಮ ಇಬ್ಬರೂ ಅಲ್ಲಿಗೆ ಹೋದರು. ಸಣ್ಣವನ ಬುಟ್ಟಿಗೆ ನಾನೇ ಎಣಿಸಿ ಹತ್ತು ಅಡಿಕೆ ಹಾಕಿದ್ದೇನೆ. ಬುಟ್ಟಿ ಖಾಲಿಯಾದ ಕೂಡಲೇ ಅಕ್ಕ ನಿಲ್ಲಿಸಬೇಕು, ಅದನ್ನು ನೋಡಿಕೊಳ್ಳುವುದು ಅವನ ಜವಾಬ್ದಾರಿ. ಇದನ್ನು ಬರೆಯುವಾಗ ಅವನು ಗೂಡಿನ ಒಳಗಿನಿಂದ, "ಅಕ್ಕಾ, ಮುಗಿಯಿತು, ನಿಲ್ಲು!" ಎಂದು ಕೂಗುವುದು ಕೇಳುತ್ತಾ ಉಂಟು.